ಮಳೆ ಸೆನ್ಸರ್ ಇರುವ ಕಾರಿನ ಮುಂದಿನ ಗಾಜು ಬದಲಿಸುವುದು ಹೇಗೆ: ಬಿರುಕು ಬಿಟ್ಟ ದಿನದಿಂದ ಮೊದಲ ಮಳೆಯವರೆಗೆ

ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮುಂದಿನ ಗಾಜು ಒಡೆದಿತ್ತು, ಹೊಸದು ಹಾಕಿಸಿದೆವು. ಅಲ್ಲಿಂದಾಚೆ ವೈಪರ್ ಬಿಸಿಲಲ್ಲೂ ಓಡುತ್ತದೆ, ಮಳೆ ಬಂದರೆ ಸುಮ್ಮನಿರುತ್ತದೆ. ಸೆನ್ಸರ್ ಹೋಯಿತಾ?" ಬಹಳಷ್ಟು ಸಲ ಸೆನ್ಸರ್ ಹೋಗಿರುವುದಿಲ್ಲ. ಗಾಜಿಗೂ ಸೆನ್ಸರ್‌ಗೂ ನಡುವಿನ ತೆಳು ಜೆಲ್ ಪದರ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಹಾಕಿದ ಗಾಜೇ ಆ ಕಾರಿಗೆ ಹೊಂದುವುದಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಓಡಾಡುವವರಿಗೆ ಗಾಜಿನ ಪೆಟ್ಟು ಹೊಸದಲ್ಲ. ಕಲ್ಲು ಕ್ವಾರಿ, ಕ್ರಷರ್‌ಗಳಿಂದ ಹೊರಟ ಜಲ್ಲಿ, ಎಂ-ಸ್ಯಾಂಡ್ ಟಿಪ್ಪರ್‌ಗಳು ಹೆದ್ದಾರಿ 44, 48, 75ರಲ್ಲಿ ನಿಮ್ಮ ಮುಂದೆಯೇ ಇರುತ್ತವೆ. ಮೊದಲಾದರೆ ಗಾಜು ಒಡೆದರೆ ಗಾಜಿನ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬಂದರೆ ಮುಗಿಯುತ್ತಿತ್ತು. ಈಗ ಒಳಗಿನ ಹಿನ್ನೋಟದ ಕನ್ನಡಿಯ ಹಿಂದೆ ಮಳೆ ಸೆನ್ಸರ್, ಕೆಲವು ಕಾರುಗಳಲ್ಲಿ ಅದರ ಪಕ್ಕ ಕ್ಯಾಮೆರಾ ಕೂಡ ಇರುವುದರಿಂದ ಹಳೇ ಲೆಕ್ಕ ನಡೆಯುವುದಿಲ್ಲ. ಈ ಕೆಲಸವನ್ನು ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಆದರೆ ಮಾಡುವವರ ಪಕ್ಕದಲ್ಲಿ ನಿಂತು ಏನು ನೋಡಬೇಕು, ಎಲ್ಲಿ ತಡೆದು ಕೇಳಬೇಕು ಎಂಬುದು ನಿಮಗೆ ಗೊತ್ತಿರಲೇಬೇಕು.

ಸೆನ್ಸರ್ ಮಳೆಯನ್ನು ಹೇಗೆ ಕಾಣುತ್ತದೆ

ಸೆನ್ಸರ್ ಒಳಗಿನಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಗಾಜಿನೊಳಕ್ಕೆ ಓರೆಯಾಗಿ ಬಿಡುತ್ತದೆ. ಗಾಜಿನ ಹೊರಮೈ ಒಣಗಿದ್ದರೆ ಆ ಬೆಳಕು ಹೆಚ್ಚುಕಮ್ಮಿ ಪೂರ್ತಿ ತಿರುಗಿ ಸೆನ್ಸರ್‌ಗೆ ಬರುತ್ತದೆ. ಹೊರಗೆ ನೀರಿನ ಹನಿ ಕೂತರೆ ಅಷ್ಟು ಜಾಗದಲ್ಲಿ ಬೆಳಕು ಆಚೆಗೆ ಸೋರಿಹೋಗುತ್ತದೆ. ತಿರುಗಿ ಬರುವ ಬೆಳಕು ಎಷ್ಟು ಕಡಿಮೆಯಾಯಿತೋ ಅಷ್ಟು ಜೋರು ಮಳೆ ಎಂದು ಲೆಕ್ಕ ಹಾಕಿ ವೈಪರ್ ಓಡಿಸುತ್ತದೆ.

ಬೆಳಕು ಸರಿಯಾದ ಓರೆಯಲ್ಲಿ ಗಾಜಿನೊಳಗೆ ಹೋಗಬೇಕಾದರೆ ಸೆನ್ಸರ್ ಮತ್ತು ಗಾಜಿನ ನಡುವೆ ಗಾಳಿ ಇರಬಾರದು. ಆ ಜಾಗ ತುಂಬುವುದೇ ಪಾರದರ್ಶಕ ಸಿಲಿಕೋನ್ ಜೆಲ್ ಪ್ಯಾಡ್. ಅದರಲ್ಲಿ ಒಂದು ಗುಳ್ಳೆ, ಒಂದು ಕೂದಲು, ಒಂದು ಬೆರಳಚ್ಚು ಸಿಕ್ಕಿಕೊಂಡರೂ ಸೆನ್ಸರ್‌ಗೆ ಲೆಕ್ಕ ತಪ್ಪುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಹಂತ 1: ಬದಲಿಸಲೇಬೇಕೇ?

ಮುಂದಿನ ಗಾಜು ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜು. ಅದಕ್ಕೇ ಪೆಟ್ಟು ಬಿದ್ದರೆ ಪಕ್ಕದ ಕಿಟಕಿ ಗಾಜಿನಂತೆ ಪುಡಿಪುಡಿಯಾಗಿ ಉದುರದೆ ಅಲ್ಲೇ ನಿಲ್ಲುತ್ತದೆ.

ಹೊರ ಹಾಳೆಯಲ್ಲಿ ಮಾತ್ರ ಚಿಕ್ಕ ನಕ್ಷತ್ರದಂತೆ ಚಿಪ್ಪೆದ್ದಿದ್ದು, ಅದರ ಮೇಲೆ 10 ರೂಪಾಯಿ ನಾಣ್ಯ ಇಟ್ಟರೆ ಪೂರ್ತಿ ಮುಚ್ಚಿಹೋಗುವಂತಿದ್ದರೆ ರೆಸಿನ್ ಎಂಬ ಪಾರದರ್ಶಕ ರಾಳ ತುಂಬಿಸಿ ಸರಿ ಮಾಡಿಸಬಹುದು. ಬಿರುಕು ಗಾಜಿನ ಅಂಚು ಮುಟ್ಟಿದ್ದರೆ, ಗೇಣುದ್ದ ಹರಿದಿದ್ದರೆ, ಚಾಲಕರ ಕಣ್ಣಿಗೆ ನೇರವಾಗಿದ್ದರೆ ಅಥವಾ ಒಳ ಹಾಳೆಯಲ್ಲೂ ಇದ್ದರೆ ಬದಲಿಸಿ. ಸೆನ್ಸರ್‌ನ ಎದುರಿಗೇ ಚಿಪ್ಪೆದ್ದಿದ್ದರೆ ಎಷ್ಟೇ ಚಿಕ್ಕದಾಗಿದ್ದರೂ ರೆಸಿನ್ ಬೇಡ. ಆ ಕಲೆ ಸೆನ್ಸರ್ ಪಾಲಿಗೆ ಎಂದೂ ಆರದ ಮಳೆಹನಿ.

ಅಂಗಡಿಗೆ ಹೋಗುವವರೆಗೆ ಚಿಪ್ಪಿನ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ದೂಳು ನೀರು ಒಳಗೆ ಹೋಗದಿರಲಿ. ಬಿಸಿಲಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಎರಚಬೇಡಿ. ನಂದಿ ಬೆಟ್ಟದ ಕಡೆ ಬೆಳಗಿನ ಚಳಿಯಲ್ಲಿ ಮಂಜು ಕರಗಿಸಲೆಂದು ಬಿಸಿಗಾಳಿಯನ್ನು ಒಮ್ಮೆಲೇ ಗಾಜಿಗೆ ಬಿಟ್ಟರೆ ನಿನ್ನೆಯ ಒಂದಂಗುಲದ ಬಿರುಕು ಕಣ್ಣೆದುರೇ ಅಡ್ಡಲಾಗಿ ಓಡುತ್ತದೆ.

ಹಂತ 2: ವಿಮೆಯ ಲೆಕ್ಕ, ಗಾಜು ಬಿಚ್ಚುವ ಮುಂಚೆ

ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಗಾಜಿಗೆ ಏನೂ ಸಿಗುವುದಿಲ್ಲ. ಸ್ವಂತ ಹಾನಿಯ ವಿಮೆ, ಅಂದರೆ ಓನ್ ಡ್ಯಾಮೇಜ್ ಇದ್ದರೆ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ಕಡ್ಡಾಯವಾಗಿ ನೀವು ಕೊಡಬೇಕಾದ ಪಾಲು 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2000. ಅಂಟು, ಅದು ಗಟ್ಟಿಯಾಗಿ ಹಿಡಿಯಲೆಂದು ಮೊದಲು ಬಳಿಯುವ ಪ್ರೈಮರ್‌ನಂಥವನ್ನು ಬಳಕೆಯ ಸಾಮಗ್ರಿ ಎಂದು ಪಕ್ಕಕ್ಕಿಡುವುದುಂಟು. ಪಾಲಿಸಿಯಲ್ಲಿ ಕನ್ಸ್ಯೂಮಬಲ್ಸ್ ಎಂಬ ಹೆಚ್ಚುವರಿ ರಕ್ಷಣೆ ಇದೆಯೇ ನೋಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಬೀಳುತ್ತದೆ. ಆ ಬೋನಸ್ 20, 25, 35, 45, 50 ಪ್ರತಿಶತ ಎಂದು ವರ್ಷಕ್ಕೊಂದು ಮೆಟ್ಟಿಲು ಏರುವಂಥದ್ದು. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ 10,000 ರೂಪಾಯಿ, ಈಗ ನೀವು 25ರ ಮೆಟ್ಟಿಲಲ್ಲಿದ್ದೀರಿ ಅಂದುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷ 35, 45, 50, 50, 50. ಮಾಡಿದರೆ 0, 20, 25, 35, 45. ಪ್ರೀಮಿಯಂ ಬದಲಾಗದೆ ಹಾಗೇ ಇದ್ದರೂ ವ್ಯತ್ಯಾಸ 3,500, 2,500, 2,500, 1,500, 500, ಒಟ್ಟು 10,500 ರೂಪಾಯಿ. ನಿಮ್ಮ ಪಾಲಿನ 1000 ಸೇರಿದರೆ 11,500. ಗಾಜಿನ ಬಿಲ್ಲು ಅದಕ್ಕಿಂತ ಕಡಿಮೆಯಾದರೆ ಕೈಯಿಂದ ಕೊಡುವುದೇ ಲಾಭ. ಬೋನಸ್ ಕಾಪಾಡುವ ಆ್ಯಡ್-ಆನ್ ಇದ್ದರೆ ಈ ಚಿಂತೆ ಇಲ್ಲ, ಧೈರ್ಯವಾಗಿ ಕ್ಲೇಮ್ ಮಾಡಿ.

ಕ್ಲೇಮ್ ಮಾಡುವುದಾದರೆ ವಿಮಾ ಕಂಪನಿಗೆ ತಿಳಿಸಿ, ಅವರು ಒಪ್ಪಿದ ಮೇಲೆಯೇ ಗಾಜು ಬಿಚ್ಚಿಸಿ. ನಂಬರ್ ಪ್ಲೇಟ್ ಕಾಣುವಂತೆ ಒಂದು ಫೋಟೊ, ಬಿರುಕಿನ ಹತ್ತಿರದ ಒಂದು ಫೋಟೊ, ಗಾಜಿನ ಮೂಲೆಯ ಮುದ್ರೆಯದೊಂದು. ಮೊದಲೇ ಬಿಚ್ಚಿಸಿ ಆಮೇಲೆ ಫೋನ್ ಮಾಡಿದರೆ ಸರ್ವೇಯರ್ ನೋಡಲು ಏನೂ ಉಳಿದಿರುವುದಿಲ್ಲ.

ಹಂತ 3: ಸರಿಯಾದ ಗಾಜು ತರಿಸುವುದು

ಒಂದೇ ಮಾಡೆಲ್‌ನ ಕಾರಿಗೆ ಮೂರ್ನಾಲ್ಕು ಬಗೆಯ ಮುಂದಿನ ಗಾಜು ಇರಬಹುದು: ಸೆನ್ಸರ್ ಇಲ್ಲದ್ದು, ಮಳೆ ಸೆನ್ಸರ್ ಇರುವುದು, ಸೆನ್ಸರ್ ಜೊತೆ ಕ್ಯಾಮೆರಾ ಇರುವುದು, ಸದ್ದು ತಡೆಯುವ ಅಕೌಸ್ಟಿಕ್ ಪದರದ್ದು. ಮಾಡೆಲ್ ಹೆಸರು, ವರ್ಷ ಹೇಳಿ ತರಿಸಿದರೆ ತಪ್ಪು ಗಾಜು ಬರುವ ಸಾಧ್ಯತೆ ಹೆಚ್ಚು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟು, ಅದರ ಆಧಾರದ ಮೇಲೆ ಪಾರ್ಟ್ ನಂಬರ್ ತೆಗೆಸಿ. ಕನ್ನಡಿಯ ಹಿಂಭಾಗವನ್ನು ಹೊರಗಿನಿಂದ ಫೋಟೊ ತೆಗೆದು ಅದನ್ನೂ ಕಳಿಸಿ.

ಗಾಜು ಬಂದ ಮೇಲೆ ಹಳೆಯದರ ಪಕ್ಕ ಹಿಡಿದು ಇಷ್ಟು ನೋಡಿ.

- ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಸಂಖ್ಯೆ, ತಯಾರಕರ ಹೆಸರು. ವಾಹನದ ಸುರಕ್ಷತಾ ಗಾಜಿಗೆ ಭಾರತದಲ್ಲಿ ಇರಬೇಕಾದ ಮುದ್ರೆ ಇದು. ಮುದ್ರೆ ಇಲ್ಲದ ಗಾಜು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.
- ಸೆನ್ಸರ್ ಹಿಡಿಯುವ ಬ್ರಾಕೆಟ್ ಕಾರ್ಖಾನೆಯಲ್ಲೇ ಗಾಜಿಗೆ ಅಂಟಿಸಿ ಬಂದಿರಬೇಕು.
- ಗಾಜಿನ ಸುತ್ತ ಸುಟ್ಟು ಕೂರಿಸಿದ ಕಪ್ಪು ಪಟ್ಟಿ ಇರುತ್ತದಲ್ಲ, ಸೆನ್ಸರ್‌ನ ಎದುರಿಗೆ ಅದರಲ್ಲಿ ಬೆಳಕು ಹೋಗುವ ಕಿಂಡಿ ಇರಬೇಕು. ಕಿಂಡಿಯ ಆಕಾರ, ಅಳತೆ ಹಳೆಯದರಂತೆಯೇ ಇರಲಿ.

"ಹಳೇ ಬ್ರಾಕೆಟ್ ಕಿತ್ತು ಇದಕ್ಕೆ ಅಂಟಿಸಿಕೊಡ್ತೀವಿ ಸಾರ್" ಎಂದರೆ ಅಲ್ಲಿಗೇ ನಿಲ್ಲಿಸಿ. ಬ್ರಾಕೆಟ್ ಒಂದೆರಡು ಮಿಲಿಮೀಟರ್ ಸರಿದರೂ ಜೆಲ್ ಮೇಲೆ ಒತ್ತಡ ಸಮನಾಗಿ ಬೀಳುವುದಿಲ್ಲ. ಕ್ಯಾಮೆರಾ ಇರುವ ಕಾರಿನಲ್ಲಿ ಅದರ ಪರಿಣಾಮ ಇನ್ನೂ ಕೆಟ್ಟದು.

ಹಂತ 4: ಹಾಕುವವರನ್ನು ಕೇಳಬೇಕಾದ ನಾಲ್ಕು ಪ್ರಶ್ನೆ

ಯಾವ ಅಂಟು? ಪಾಲಿಯುರೆಥೇನ್ ಎಂಬ ಉತ್ತರ ಬರಬೇಕು. ಮಾತಲ್ಲಿ "ಪಿಯು" ಎನ್ನುತ್ತಾರೆ. ಬಾತ್‌ರೂಮ್‌ಗೆ ಹಾಕುವ ಸಿಲಿಕೋನ್ ಎಂದರೆ ಎದ್ದು ಬನ್ನಿ. ಟ್ಯೂಬಿನ ಮೇಲಿನ ಅವಧಿ ಮುಗಿಯುವ ದಿನಾಂಕ ತೋರಿಸುತ್ತೀರಾ? ಪ್ರೈಮರ್ ಹಾಕುತ್ತೀರಾ? ಹೊಸ ಜೆಲ್ ಪ್ಯಾಡ್ ಇದೆಯೇ?

ಕೊನೆಯ ಪ್ರಶ್ನೆಗೆ "ಹಳೇದೇ ಕೂರುತ್ತೆ" ಎಂಬ ಉತ್ತರ ಸಾಮಾನ್ಯ. ಕೆಲವು ಸೆನ್ಸರ್‌ಗಳಲ್ಲಿ ಪ್ಯಾಡ್ ಸೆನ್ಸರ್‌ನ ಭಾಗವೇ ಆಗಿದ್ದು ಮತ್ತೆ ಬಳಸಬಹುದು ನಿಜ. ಅದು ಯಾವುದು ಎಂಬುದನ್ನು ಕಾರಿನ ಕಂಪನಿಯ ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಬೇರೆ ಪ್ಯಾಡ್ ಆಗಿದ್ದರೆ ಗಾಜಿನ ಜೊತೆಗೇ ಅದನ್ನೂ ತರಿಸಿ. ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಗಾಜು ಸಿಕ್ಕಿ ಪ್ಯಾಡ್ ಸಿಗದೆ ಇರಬಹುದು. ಪ್ಯಾಡ್ ಕೈಗೆ ಬರುವವರೆಗೆ ಕೆಲಸ ಶುರು ಮಾಡಿಸಬೇಡಿ.

ಹಂತ 5: ಹಳೇ ಗಾಜು ತೆಗೆಯುವುದು

ಇಗ್ನಿಷನ್ ಆಫ್ ಆಗಿರಲಿ, ವೈಪರ್ ಲಿವರ್ ಆಟೋದಲ್ಲಿ ಇರಬಾರದು. ವೈಪರ್ ನಿಂತ ಜಾಗಕ್ಕೆ ಗಾಜಿನ ಮೇಲೆ ಟೇಪ್ ಗುರುತು ಹಾಕಿ ಫೋಟೊ ತೆಗೆದುಕೊಳ್ಳಿ, ತಿರುಗಿ ಹಾಕುವಾಗ ತೋಳು ಒಂದು ಹಲ್ಲು ಆಚೀಚೆ ಆದರೂ ಬ್ಲೇಡ್ ಅಂಚಿಗೆ ಬಡಿಯುತ್ತದೆ. ಆಮೇಲೆ ವೈಪರ್ ತೋಳು, ಅದರ ಬುಡದ ಪ್ಲಾಸ್ಟಿಕ್ ಹೊದಿಕೆ (ಮೆಕ್ಯಾನಿಕ್‌ಗಳ ಮಾತಲ್ಲಿ ಕೌಲ್), ಪಕ್ಕದ ಕಂಬಗಳ ಒಳಹೊದಿಕೆ, ಕನ್ನಡಿ ಕಳಚುತ್ತಾರೆ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕಂಬದ ಹೊದಿಕೆ ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸುವಂಥದ್ದಲ್ಲ. ಅದರ ಕ್ಲಿಪ್ ಮುರಿದರೆ ಹೊಸ ಕ್ಲಿಪ್ಪೇ ಹಾಕಬೇಕು.

ಸೆನ್ಸರ್‌ನ ಮುಚ್ಚಳ ತೆಗೆದು, ಕನೆಕ್ಟರ್ ಬಿಡಿಸಿ, ಎರಡೂ ಬದಿಯ ಸ್ಪ್ರಿಂಗ್ ಕ್ಲಿಪ್ ಸಡಿಲಿಸಿ ಸೆನ್ಸರ್ ಅನ್ನು ನೇರವಾಗಿ, ನಿಧಾನವಾಗಿ ಎಳೆಯಬೇಕು. ತೆಗೆದ ತಕ್ಷಣ ಜೆಲ್ ಇರುವ ಮುಖ ಮೇಲಾಗುವಂತೆ ಚೊಕ್ಕ ಡಬ್ಬದಲ್ಲಿಟ್ಟು ಮುಚ್ಚಿ. ಡ್ಯಾಶ್‌ಬೋರ್ಡ್ ಮೇಲೆ ಹಾಗೇ ಬಿಟ್ಟರೆ ಗಾಜಿನ ಪುಡಿಯೆಲ್ಲ ಅದಕ್ಕೇ ಅಂಟುತ್ತದೆ.

ಡ್ಯಾಶ್‌ಬೋರ್ಡ್‌ಗೂ ಬಾನೆಟ್‌ಗೂ ದಪ್ಪ ಬಟ್ಟೆ ಹೊದಿಸಿದ ಮೇಲೆ ತಂತಿಯಿಂದಲೋ ಕತ್ತರಿಸುವ ಬ್ಲೇಡ್‌ನಿಂದಲೋ ಹಳೇ ಅಂಟನ್ನು ಸುತ್ತಲೂ ಕೊಯ್ದು, ಸಕ್ಷನ್ ಕಪ್ ಹಿಡಿದು ಇಬ್ಬರು ಗಾಜು ಎತ್ತುತ್ತಾರೆ. ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗಳಿಗೆ ವ್ಯಾಕ್ಯೂಮ್ ಹಿಡಿಸಿ. ಇಲ್ಲದಿದ್ದರೆ ಮುಂದೊಮ್ಮೆ ಬ್ಲೋವರ್ ಜೋರು ಮಾಡಿದಾಗ ಗಾಜಿನ ಚೂರು ಮುಖಕ್ಕೆ ಹಾರುತ್ತದೆ.

ಹಂತ 6: ತಗಡಿನ ಅಂಚು ಮತ್ತು ಅಂಟು

ಕಣ್ಣಿಗೆ ಕಾಣದ, ಆದರೆ ಜೀವ ಕಾಯುವ ಹಂತ ಇದು. ಇಂದಿನ ಕಾರುಗಳಲ್ಲಿ ಮುಂದಿನ ಗಾಜು ಛಾವಣಿಯ ಬಲದ ಒಂದು ಪಾಲು ಹೊರುತ್ತದೆ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೇ ಒರಗಿಕೊಂಡು ಪ್ರಯಾಣಿಕರ ಕಡೆ ತಿರುಗುತ್ತದೆ. ಅಂಟು ಕೈಕೊಟ್ಟರೆ ಗಾಜೂ ಏರ್‌ಬ್ಯಾಗೂ ಒಟ್ಟಿಗೆ ಆಚೆ ಹೋಗುತ್ತವೆ.

ಹಳೇ ಅಂಟನ್ನು ತಗಡು ಕಾಣುವವರೆಗೆ ಕೆರೆಯಬಾರದು. 1 ರಿಂದ 2 ಮಿ.ಮೀ. ದಪ್ಪ ಸಮನಾಗಿ ಉಳಿಸಬೇಕು, ಹೊಸ ಅಂಟು ಅದರ ಮೇಲೆಯೇ ಚೆನ್ನಾಗಿ ಹಿಡಿಯುತ್ತದೆ. ಬ್ಲೇಡ್ ತಾಗಿ ಪೇಂಟ್ ಎದ್ದ ಕಡೆಗೆಲ್ಲ ಪ್ರೈಮರ್ ಬೀಳಬೇಕು. ತುಕ್ಕು ಕಂಡರೆ ಅವತ್ತು ಗಾಜು ಹಾಕಿಸಲೇಬೇಡಿ. ತುಕ್ಕನ್ನು ಪೂರ್ತಿ ತೆಗೆದು, ಲೋಹದ ಪ್ರೈಮರ್ ಬಳಿದು, ಅದು ಒಣಗಿದ ಮೇಲೆಯೇ ಮುಂದುವರಿಯಬೇಕು. ತುಕ್ಕಿನ ಮೇಲೆ ಹಾಕಿದ ಅಂಟು ತುಕ್ಕಿನ ಸಿಪ್ಪೆಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಕಾರನ್ನಲ್ಲ.

ಅಂಟು ಹಾಕುವ ಮುಂಚೆ ಹೊಸ ಗಾಜನ್ನು ಒಮ್ಮೆ ಒಣದಾಗಿ ಕೂರಿಸಿ, ಸುತ್ತಲಿನ ಸಂದು ಸಮ ಇದೆಯೇ ನೋಡಿ, ಗಾಜಿನಿಂದ ಛಾವಣಿಗೆ ಟೇಪ್ ಅಂಟಿಸಿ ನಡುವೆ ಕತ್ತರಿಸಿಟ್ಟರೆ ಅದೇ ಗುರುತು. ಆಮೇಲೆ ಗಾಜಿನ ಅಂಚು ಒರೆಸಿ, ಕಪ್ಪು ಪಟ್ಟಿಯ ಮೇಲೆ ಗಾಜಿನ ಪ್ರೈಮರ್ ಬಳಿಯುತ್ತಾರೆ. ಪ್ರೈಮರ್ ಬಾಟಲಿಯನ್ನು ಒಳಗಿನ ಗುಂಡು ಗಲಗಲ ಎನ್ನುವಂತೆ ಕುಲುಕಬೇಕು. ಬಳಿದ ಮೇಲೆ ಲೇಬಲ್‌ನಲ್ಲಿ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸು, ಒಣಗಲು ಬಿಡಬೇಕು. ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಬಹಳ ಜನಕ್ಕಿದೆ, ತಡೆಯಿರಿ.

ಅಂಟನ್ನು ತ್ರಿಕೋನದ ಏಣಿನಂತೆ ಎಳೆಯಬೇಕು, ಅದಕ್ಕಾಗಿ ಟ್ಯೂಬಿನ ಮೂತಿಯನ್ನು "ವಿ" ಆಕಾರದಲ್ಲಿ ಕತ್ತರಿಸುತ್ತಾರೆ. ಬುಡ ಸುಮಾರು 8 ಮಿ.ಮೀ., ಎತ್ತರ 12 ಮಿ.ಮೀ. ಚಿಕ್ಕ ಕಾರಿನ ಗಾಜಿನ ಸುತ್ತಳತೆ 4.4 ಮೀಟರ್ ಎಂದು ಹಿಡಿದರೆ ಬೇಕಾಗುವ ಅಂಟು 210 ಮಿ.ಲೀ. ಮೂತಿಯಲ್ಲಿ, ಟ್ಯೂಬಿನಲ್ಲಿ ಉಳಿಯುವುದೂ ಸೇರಿ 310 ಮಿ.ಲೀ. ಟ್ಯೂಬ್ ಒಂದು ಸಾಕು. ದೊಡ್ಡ ಎಸ್‌ಯುವಿಯಲ್ಲಿ 10ಕ್ಕೆ 14 ಮಿ.ಮೀ. ಏಣು ಬೇಕಾದರೆ ಒಂದು ಟ್ಯೂಬ್ ಸಾಲುವುದಿಲ್ಲ. ಅರ್ಧದಲ್ಲಿ ಅಂಟು ಮುಗಿದು, ಇನ್ನೊಂದು ಟ್ಯೂಬ್ ತರಲು ಹುಡುಗನನ್ನು ಅಂಗಡಿಗೆ ಓಡಿಸುವಷ್ಟರಲ್ಲಿ ಮೊದಲು ಎಳೆದದ್ದರ ಮೇಲೆ ತೊಗಲು ಕಟ್ಟಿರುತ್ತದೆ, ನೀರು ಸೋರುವುದು ಅಲ್ಲಿಂದಲೇ. ಎರಡನೇ ಟ್ಯೂಬ್ ಪಕ್ಕದಲ್ಲೇ ಇರಲಿ. ಏಣಿನ ಎರಡು ತುದಿಗಳು ಮೂಲೆಯಲ್ಲಿ ಕೂಡಬಾರದು.

ಗಾಜು ಕೂರಿಸುವ ಮುಂಚೆ ಕಾರಿನ ಎಲ್ಲ ಕಿಟಕಿ ಇಳಿಸಿರಲಿ. ಗುರುತು ಸೇರಿಸಿ ಒಂದೇ ಸಲಕ್ಕೆ ಇಳಿಸಿ, ಅಂಗೈಯಿಂದ ಸುತ್ತಲೂ ಒತ್ತಿ, ಜಾರದಂತೆ ಟೇಪ್ ಹಾಕಬೇಕು.

ಹಂತ 7: ಸೆನ್ಸರ್ ಕೂರಿಸುವುದು

ಹತ್ತು ನಿಮಿಷದ ಕೆಲಸ. ಅವಸರ ಮಾಡುವುದೂ ಇಲ್ಲೇ.

1. ಗಾಜಿನ ಕಿಂಡಿ, ಸೆನ್ಸರ್ ಮುಖ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ನೂಲು ಬಿಡದ ಬಟ್ಟೆಯಿಂದ ಒರೆಸಿ ಒಣಗಿಸಿ. ಹಳೇ ಜೆಲ್‌ನ ಚೂರು ಉಳಿದಿರಬಾರದು. ಉಗುರು, ಬ್ಲೇಡ್ ಬೇಡ, ಲೆನ್ಸ್ ಗೀರುತ್ತದೆ.
2. ಹೊಸ ಪ್ಯಾಡಿನ ಒಂದು ಬದಿಯ ಹಾಳೆ ಮಾತ್ರ ತೆಗೆದು, ಒಂದು ಅಂಚಿನಿಂದ ಶುರುಮಾಡಿ ಚಾಪೆ ಹಾಸಿದ ಹಾಗೆ ಸೆನ್ಸರ್ ಮೇಲೆ ಹಾಸಿ. ಒಮ್ಮೆಲೇ ಅಮುಕಿದರೆ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ಜೆಲ್‌ಗೆ ಬೆರಳು ತಾಗದಿರಲಿ.
3. ಎರಡನೇ ಹಾಳೆ ತೆಗೆದ ಕೂಡಲೇ ಬ್ರಾಕೆಟ್‌ಗೆ ನೇರವಾಗಿ ಇಟ್ಟು ಅರ್ಧ ನಿಮಿಷ ಸಮನಾಗಿ ಒತ್ತಿ ಹಿಡಿದು, ಎರಡೂ ಕ್ಲಿಪ್ ಟಕ್ ಎಂದು ಕೂರುವಂತೆ ಮಾಡಿ. ಅತ್ತಿತ್ತ ಜಾರಿಸಬೇಡಿ.
4. ಈಗ ಕಾರಿನ ಹೊರಗೆ ಬಂದು ಕಿಂಡಿಯೊಳಕ್ಕೆ ನೋಡಿ. ಇಡೀ ಜಾಗ ಒಂದೇ ಸಮನೆ ಕಪ್ಪಾಗಿ ಕಂಡರೆ ಸರಿ. ಬೆಳ್ಳಿಯಂತೆ ಹೊಳೆಯುವ ಚುಕ್ಕೆ, ಮಚ್ಚೆ ಕಂಡರೆ ಅದು ಗಾಳಿ.

ಅಂಚಿನಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಇದ್ದರೆ ಕೆಲವು ಗಂಟೆಗಳಲ್ಲಿ ತಾನಾಗಿ ಕರಗಬಹುದು. ನಡುವೆ ಇದ್ದರೆ ತೆಗೆದು ಇನ್ನೊಂದು ಹೊಸ ಪ್ಯಾಡ್ ಹಾಕಬೇಕು. ಫೆವಿಕ್ವಿಕ್, ಎರಡು ಮುಖದ ಟೇಪ್, ಸಿಲಿಕೋನ್ ಹಚ್ಚಿ ಒತ್ತಿಬಿಡುವವರಿದ್ದಾರೆ. ಫೆವಿಕ್ವಿಕ್ ಹಾಕಿದ ಸೆನ್ಸರ್ ಮುಂದಿನ ಸಲ ಕೀಳುವಾಗ ಒಡೆಯುತ್ತದೆ, ಆಗ ನಿಜವಾಗಿಯೂ ಹೊಸ ಸೆನ್ಸರ್ ಕೊಳ್ಳಬೇಕಾಗುತ್ತದೆ.

ಕೆಲವು ಕಾರುಗಳಲ್ಲಿ ಇಷ್ಟಕ್ಕೇ ಮುಗಿಯದೆ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿ ಸೆನ್ಸರ್‌ಗೆ ಹೊಸ ಗಾಜಿನ ಪರಿಚಯ ಮಾಡಿಸಬೇಕು. ಕ್ಯಾಮೆರಾ ಇರುವ ಕಾರಾದರೆ, ಅಂದರೆ ತಾನಾಗಿ ಬ್ರೇಕ್ ಹಾಕುವ, ಲೇನ್ ಕಾಯುವ ಆಡಾಸ್ ವ್ಯವಸ್ಥೆ ಇದ್ದರೆ, ಕ್ಯಾಲಿಬ್ರೇಷನ್ (ಕ್ಯಾಮೆರಾದ ನೋಟವನ್ನು ಸರಿಹೊಂದಿಸುವುದು) ಮಾಡಿಸದೆ ಆ ಸೌಲಭ್ಯ ನಂಬಿ ಹೆದ್ದಾರಿಗೆ ಇಳಿಯಬೇಡಿ. ಕ್ಯಾಮೆರಾದ ನೋಟ ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ಮುಂದಿನ ಲಾರಿ ಪಕ್ಕದ ಲೇನಿನಲ್ಲಿದೆ ಎಂದು ಅದು ತಿಳಿಯಬಹುದು. ಇಂಥ ಕಾರನ್ನು ಕ್ಯಾಲಿಬ್ರೇಷನ್ ಸಲಕರಣೆ ಇರುವ ಸರ್ವಿಸ್ ಸೆಂಟರ್‌ಗೇ ಒಯ್ಯಿರಿ. ನಿಮ್ಮೂರಲ್ಲಿ ಇಲ್ಲದಿದ್ದರೆ ಬೆಂಗಳೂರಿಗಾದರೂ ಸರಿ.

ಹಂತ 8: ಕಾಯುವುದು

ಕಾರು ಎಷ್ಟು ಹೊತ್ತಿಗೆ ತೆಗೆಯಬಹುದು ಎಂಬುದು ಅಂಟಿನ ಮೇಲೆ ನಿಂತಿದೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಹಲವು ಗಂಟೆ, ಏರ್‌ಬ್ಯಾಗ್ ಇರುವ ಕಾರಿಗೆ ಬೇರೆಯೇ ಅವಧಿ ಕೊಟ್ಟಿರುತ್ತಾರೆ. ಟ್ಯೂಬಿನ ಲೇಬಲ್ ನೋಡಿ ಆ ಸಮಯವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಬಿಸಿಲು ಹೆಚ್ಚಿದ್ದರೆ ಬೇಗ ಒಣಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಪಿಯು ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಏಪ್ರಿಲ್‌ನ ಪಾವಗಡ, ಮಧುಗಿರಿಯ ಒಣಗಾಳಿಯಲ್ಲಿ ಅದು ನಿಧಾನವಾಗುತ್ತದೆ, ಜನವರಿಯ ಚಳಿಯಲ್ಲೂ ನಿಧಾನವಾಗುತ್ತದೆ. ಸಾಧಾರಣ ಹವೆಯಲ್ಲೇ ಗಟ್ಟಿಯಾಗುವುದು ದಿನಕ್ಕೆ ಸುಮಾರು 3-4 ಮಿ.ಮೀ., ಅದೂ ಹೊರಗಿನಿಂದ ಒಳಕ್ಕೆ. ಹಾಗಾಗಿ ಮೊದಲ ಎರಡು ದಿನ ಒಂದು ಕಿಟಕಿ ಬೆರಳಷ್ಟು ತೆರೆದಿಡಿ. ಎಲ್ಲ ಮುಚ್ಚಿ ಬಾಗಿಲು ದಡ್ ಎಂದು ಹಾಕಿದರೆ ಒಳಗಿನ ಗಾಳಿ ಗಾಜನ್ನೇ ಆಚೆಗೆ ತಳ್ಳುತ್ತದೆ. ಹೊಲದ ಗಾಡಿದಾರಿ, ಪ್ರೆಷರ್ ವಾಷಿಂಗ್ ಎರಡೂ ಬೇಡ. ಟೇಪ್ ಒಂದು ದಿನ ಹಾಗೇ ಇರಲಿ, ನೋಡಲು ಚೆನ್ನಾಗಿಲ್ಲವೆಂದು ಕೀಳಬೇಡಿ.

ಹಂತ 9: ಪರೀಕ್ಷೆ

ಅಂಟು ಹಿಡಿದ ಮೇಲೆ, ಒಳಗೆ ಒಬ್ಬರು ಕೂತು ಅಂಚಿಗೆ ಟಿಶ್ಯೂ ಕಾಗದ ಹಿಡಿದಿರಲಿ. ಹೊರಗಿನವರು ಮೂತಿ ಅದುಮದ ಪೈಪಿನಿಂದ ಮೆಲ್ಲಗೆ, ಕೆಳಗಿನಿಂದ ಮೇಲಕ್ಕೆ ನೀರು ಬಿಡಲಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಲ್ಲೂ ಇಳಿದು ಸೋರುವ ಜಾಗ ಯಾವುದೆಂದೇ ಗೊತ್ತಾಗುವುದಿಲ್ಲ.

ಸೆನ್ಸರ್‌ಗೆ ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಸಾಕು. ಇಗ್ನಿಷನ್ ಆನ್ ಮಾಡಿ, ಲಿವರ್ ಒಮ್ಮೆ ಆಫ್‌ಗೆ ತಂದು ಮತ್ತೆ ಆಟೋಗೆ ಹಾಕಿ. ಒಣ ಗಾಜಿನಲ್ಲಿ ಎರಡು ನಿಮಿಷ ವೈಪರ್ ಸುಮ್ಮನಿರಬೇಕು. ಕಿಂಡಿಯ ಎದುರಿಗೆ ಎರಡು ಸಲ ಚಿಮುಕಿಸಿದರೆ ಒಮ್ಮೆ ಓಡಬೇಕು, ಬಿಡದೆ ಚಿಮುಕಿಸಿದರೆ ವೇಗ ಏರಬೇಕು.

ಏರುಪೇರಾದರೆ ಈ ಕ್ರಮದಲ್ಲಿ ಹುಡುಕಿ. ಮೊದಲು ಹೊರಗಿನಿಂದ ಬೆಳ್ಳಿ ಮಚ್ಚೆ ಇದೆಯೇ ನೋಡಿ. ಆಮೇಲೆ ಬ್ಲೇಡ್: ಸವೆದ ರಬ್ಬರ್ ಕಿಂಡಿಯ ಮೇಲೆ ನೀರಿನ ಗೆರೆ ಉಳಿಸಿದರೆ ಸೆನ್ಸರ್ ಅದನ್ನೂ ಮಳೆ ಎಂದೇ ತಿಳಿಯುತ್ತದೆ. ಹೊಸ ಗಾಜಿಗೆ ಹೊಸ ಬ್ಲೇಡ್ ಹಾಕಿಸಿಬಿಡಿ, ದೂಳು ಕಚ್ಚಿದ ಹಳೇ ರಬ್ಬರ್ ವಾರದಲ್ಲೇ ಗೀರು ಎಬ್ಬಿಸುತ್ತದೆ. ಮೂರನೆಯದು ಗಾಜಿನ ಮೇಲೆ ಬಳಿದ ವ್ಯಾಕ್ಸ್ ಅಥವಾ ನೀರು ಜಾರಿಸುವ ಲೇಪ. ಇವೆಲ್ಲ ಸರಿಯಿದ್ದರೆ ಮಾತ್ರ ಸ್ಕ್ಯಾನರ್ ಹಾಕಿಸಿ. ಇಷ್ಟು ನೋಡದೆ "ಸೆನ್ಸರ್ ಬದಲಿಸಿ" ಎಂಬ ಸಲಹೆಗೆ ಹಣ ಕೊಡಬೇಡಿ.

ಇನ್ನೊಂದು ಎಚ್ಚರಿಕೆ: ಕಾರು ತೊಳೆಯುವಾಗ, ಕೈಯಿಂದ ಗಾಜು ಒರೆಸುವಾಗ ಲಿವರ್ ಆಟೋದಲ್ಲಿ ಇರಬಾರದು. ಒದ್ದೆ ಬಟ್ಟೆ ಕಿಂಡಿಗೆ ತಾಗಿದರೆ ವೈಪರ್ ಓಡಿ ಬೆರಳು ಸಿಕ್ಕಿಕೊಳ್ಳುತ್ತದೆ.

ಹಂತ 10: ಗಾಜಿನ ಜೊತೆ ಹೋದ ಸ್ಟಿಕ್ಕರ್‌ಗಳು

ಫಾಸ್ಟ್ಯಾಗ್ ಕಿತ್ತು ಹೊಸ ಗಾಜಿಗೆ ಅಂಟಿಸಲು ಬರುವುದಿಲ್ಲ, ಕೀಳುವಾಗಲೇ ಹರಿದು ಕೆಡುವಂತೆ ಮಾಡಿರುತ್ತಾರೆ. ಗಾಜು ಬಿಚ್ಚುವ ಮುಂಚೆಯೇ ಟ್ಯಾಗ್‌ನ ಸಂಖ್ಯೆ ಫೋಟೊ ತೆಗೆದು, ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲೋ ಸಹಾಯವಾಣಿಯಲ್ಲೋ ಬದಲಿ ಟ್ಯಾಗ್ ಕೇಳಿ. ಬೇರೆ ಬ್ಯಾಂಕಿನದು ಹೊಸದಾಗಿ ಕೊಳ್ಳುವ ಬದಲು ಅದೇ ಖಾತೆಗೆ ಬದಲಿ ಪಡೆದರೆ ಬಾಕಿ ಹಣ ಹಾಗೇ ಮುಂದುವರಿಯುತ್ತದೆ. ಟ್ಯಾಗ್ ಇಲ್ಲದೆ ಬಾಗೇಪಲ್ಲಿಯ ಟೋಲ್‌ಗೆ ಹೋಗಿ ನಗದು ಕೊಟ್ಟರೆ ಎರಡು ಪಟ್ಟು ತೆರಬೇಕು.

ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಜೊತೆ ಬಂದ ಬಣ್ಣದ ಸ್ಟಿಕ್ಕರ್, ಪೆಟ್ರೋಲ್‌ಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ, ಅದೂ ಹಳೇ ಗಾಜಿನ ಜೊತೆಗೇ ಹೋಗಿರುತ್ತದೆ. ಅದನ್ನೂ ಮತ್ತೆ ಮಾಡಿಸಿಕೊಳ್ಳಿ. ಹೊಸ ಗಾಜು ಬಂತೆಂದು ಸನ್ ಫಿಲ್ಮ್ ಅಂಟಿಸಲು ಹೋಗಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಗಾಜಿನಿಂದ ಕನಿಷ್ಠ 70 ಪ್ರತಿಶತ ಬೆಳಕು ಹಾಯಬೇಕು, ಫಿಲ್ಮ್ ಅಂಟಿಸುವುದಕ್ಕೆ 2012ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ಹೊಸ ಫಾಸ್ಟ್ಯಾಗ್ ಕನ್ನಡಿಯ ಹತ್ತಿರವೇ ಇರಲಿ, ಆದರೆ ಸೆನ್ಸರ್ ಕಿಂಡಿಯನ್ನೂ ಕ್ಯಾಮೆರಾದ ಎದುರನ್ನೂ ನಾಲ್ಕು ಬೆರಳು ಬಿಟ್ಟು ಅಂಟಿಸಿ.